ಅಳತೆಗೋಲು ಇದ್ದೂ ಅಳೆಯದ ಸೇನೆ

2017ರ ಅಕ್ಟೋಬರ್‌ನಲ್ಲಿ ಭಾರತೀಯ ನೌಕಾಪಡೆ ತನ್ನ ನಾವಿಕರೊಬ್ಬರನ್ನು ಸೇವೆಯಿಂದ ಬಿಡುಗಡೆ ಮಾಡಿತು. 2010ರಲ್ಲಿ ಗಂಡಾಗಿ ಸೇರಿದ್ದ ಅವರು 2016ರಲ್ಲಿ ರಜೆಯ ಮೇಲಿದ್ದಾಗ ಲಿಂಗ ಪರಿವರ್ತನೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹೆಣ್ಣಾಗಿ ಕೆಲಸಕ್ಕೆ ಮರಳಿದ್ದರು. ನೇಮಕವಾದಾಗ ಇದ್ದ ಲಿಂಗವನ್ನು ತಾವಾಗಿಯೇ, ಹಿಂದಿರುಗಲಾಗದಂತೆ ಬದಲಿಸಿಕೊಂಡಿದ್ದಾರೆ, ಹಾಗಾಗಿ ಈಗಿರುವ ನಿಯಮಗಳಡಿ ಮುಂದುವರಿಸಲು ಬರುವುದಿಲ್ಲ ಎಂಬುದು ನೌಕಾಪಡೆ ಕೊಟ್ಟ ವಿವರಣೆಯ ಸಾರ. ಅವರ ವೈದ್ಯಕೀಯ ಸ್ಥಿತಿ, ಅದರಿಂದ ಕೆಲಸಕ್ಕೆ ಬರುವ ಮಿತಿಗಳು ಎಂಬ ಮಾತೂ ಅದರಲ್ಲಿತ್ತು. ಆದರೆ ಯಾವ ಕೆಲಸ, ಎಂಥ ಮಿತಿ ಎಂಬುದು ಇರಲಿಲ್ಲ. ಏಳು ವರ್ಷ ಒಂದು ಕೆಲಸವನ್ನು ಮಾಡಿಕೊಂಡು ಬಂದವರು ಎಂಟನೆಯ ವರ್ಷಕ್ಕೆ ಅದರಲ್ಲಿ ಏನನ್ನು ಮಾಡಲಾರದೆ ಹೋದರು ಎಂಬ ಪ್ರಶ್ನೆ ಅಂದಿನಿಂದಲೂ ನನ್ನನ್ನು ಬಿಟ್ಟಿಲ್ಲ.

ಆ ಹೊತ್ತಿನ ನಿಯಮದ ತೊಡಕು ಸರಳವಾಗಿತ್ತು. ನೌಕಾಪಡೆಯಲ್ಲಿ ಅಧಿಕಾರಿಗಳ ಸಾಲಿನಲ್ಲಿ ಹೆಣ್ಣುಮಕ್ಕಳಿದ್ದರೂ ನಾವಿಕರ ಸಾಲಿನಲ್ಲಿ ಒಬ್ಬರೂ ಇರಲಿಲ್ಲ, ಇರಲು ಅವಕಾಶವೂ ಇರಲಿಲ್ಲ. ಆದ್ದರಿಂದ ಹೆಣ್ಣಾದ ನಾವಿಕ ಎಂಬ ವ್ಯಕ್ತಿಯನ್ನು ಕೂರಿಸಲು ನೌಕಾಪಡೆಯ ದಫ್ತರಿನಲ್ಲಿ ಜಾಗವೇ ಇರಲಿಲ್ಲ. ಮುಂದೆ 2022ರಲ್ಲಿ ಅಗ್ನಿಪಥ ಯೋಜನೆ ಬಂದಾಗ ನೌಕಾಪಡೆ ನಾವಿಕರ ಹುದ್ದೆಯನ್ನು ಹೆಣ್ಣುಮಕ್ಕಳಿಗೂ ತೆರೆಯಿತು. 2023ರ ಮಾರ್ಚ್‌ನಲ್ಲಿ ಒಡಿಶಾದ ಐಎನ್‌ಎಸ್ ಚಿಲ್ಕಾದಿಂದ ತರಬೇತಿ ಮುಗಿಸಿ ಹೊರಬಂದ ಮೊದಲ ತಂಡದಲ್ಲಿ 270ಕ್ಕೂ ಹೆಚ್ಚು ಮಂದಿ ಮಹಿಳೆಯರಿದ್ದರು. ಒಬ್ಬರನ್ನು ಮನೆಗೆ ಕಳಿಸಿದ ನಿಯಮ ಐದು ವರ್ಷವೂ ಬಾಳಲಿಲ್ಲ. ಅದು ಹೋದದ್ದರಿಂದ ಹಡಗುಗಳೇನೂ ಮುಳುಗಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು.

ಲಿಂಗತ್ವ ಅಲ್ಪಸಂಖ್ಯಾತರು ಸೇನೆಯಲ್ಲಿ ಇರಬೇಕೇ ಬೇಡವೇ ಎಂಬ ಚರ್ಚೆ ಎದ್ದಾಗಲೆಲ್ಲ ಅದು ಹಕ್ಕಿನ ಮಾತಾಗಿ ಶುರುವಾಗುತ್ತದೆ. ಒಂದು ಕಡೆಯವರು ಸಮಾನತೆ ಎನ್ನುತ್ತಾರೆ, ಇನ್ನೊಂದು ಕಡೆಯವರು ಸೈನ್ಯವೆಂದರೆ ಸಮಾಜ ಸುಧಾರಣೆಯ ಕಮ್ಮಟವಲ್ಲ ಎನ್ನುತ್ತಾರೆ, ಅಲ್ಲಿಗೆ ಮಾತು ನಿಂತುಬಿಡುತ್ತದೆ. ಎರಡನೆಯವರ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಸೈನ್ಯದಲ್ಲಿ ಕೆಲಸ ಸಿಗುವುದು ಯಾರ ಹಕ್ಕೂ ಅಲ್ಲ. ಚಪ್ಪಟೆ ಪಾದವಿದೆಯೆಂದು, ಬಣ್ಣ ಗುರುತಿಸಲು ಬರುವುದಿಲ್ಲವೆಂದು, ಎತ್ತರ ಸಾಲದೆಂದು ಪ್ರತಿ ಭರ್ತಿ ರ್‍ಯಾಲಿಯಲ್ಲೂ ಸಾವಿರಾರು ಹುಡುಗರನ್ನು ಅದು ವಾಪಸು ಕಳಿಸುತ್ತದೆ ಮತ್ತು ಕಳಿಸಲೇಬೇಕು. ನನ್ನ ತಕರಾರು ಬೇರೆ. ಇಷ್ಟು ನಿಷ್ಠುರವಾಗಿ, ಇಷ್ಟು ಸೂಕ್ಷ್ಮವಾಗಿ ಮನುಷ್ಯರನ್ನು ಅಳೆಯಲು ಬಲ್ಲ ಸಂಸ್ಥೆ ಈ ಒಂದು ವಿಷಯ ಬಂದಾಗ ಮಾತ್ರ ಅಳತೆಗೋಲನ್ನು ಮೂಲೆಗಿಟ್ಟು ಹಣೆಪಟ್ಟಿಯನ್ನು ಓದತೊಡಗುತ್ತದೆ.

ಐದು ಅಕ್ಷರಗಳ ಲೆಕ್ಕ

ಆ ಅಳತೆಗೋಲಿನ ಪರಿಚಯ ನನಗಾದದ್ದು ಸೋದರಮಾವನಿಂದ. ಆರ್ಮಿ ಮೆಡಿಕಲ್ ಕೋರ್‌ನಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿ ಸೇರಿ ಸುಬೇದಾರ್ ಆಗಿ ನಿವೃತ್ತರಾದ ಅವರು ಮೆಡಿಕಲ್ ಬೋರ್ಡುಗಳ ಕಾಗದಪತ್ರವನ್ನು ಹತ್ತಿರದಿಂದ ನೋಡಿದವರು. ಒಂದು ದಿನ ಮಾತಿನ ನಡುವೆ ಅವರು ದಿನಪತ್ರಿಕೆಯ ಅಂಚಿನ ಬಿಳಿ ಜಾಗದಲ್ಲಿ ಐದು ಅಕ್ಷರ ಬರೆದು ತೋರಿಸಿದರು: ಎಸ್, ಎಚ್, ಎ, ಪಿ, ಇ. ಫೌಜಿಗಳ ಬಾಯಲ್ಲಿ ಇದು ಶೇಪ್. ಎಸ್ ಎಂದರೆ ಮನಸ್ಸಿನ ಸ್ಥಿತಿ, ಎಚ್ ಕಿವಿ, ಎ ಕೈಕಾಲು, ಪಿ ದೇಹದ ಒಟ್ಟು ಸಾಮರ್ಥ್ಯ, ಇ ಕಣ್ಣು. ಒಂದೊಂದು ಅಕ್ಷರಕ್ಕೂ 1ರಿಂದ 5ರವರೆಗೆ ಅಂಕಿ. ಎಲ್ಲದರಲ್ಲೂ 1 ಬಂದವನು ಶೇಪ್ ಒನ್, ಎಲ್ಲಿಗೆ ಬೇಕಾದರೂ ಕಳಿಸಬಹುದು. 5 ಎಂದರೆ ಸೇವೆಗೆ ಅನರ್ಹ. ಇವೆರಡರ ನಡುವೆ ಇರುವುದೆಲ್ಲ ಹೊಂದಾಣಿಕೆ: ಇವನನ್ನು ಎತ್ತರದ ಠಾಣೆಗೆ ಕಳಿಸಬೇಡಿ, ಇವನಿಗೆ ರಾತ್ರಿ ವಾಹನ ಓಡಿಸಲು ಕೊಡಬೇಡಿ, ಇವನನ್ನು ಇಷ್ಟು ತಿಂಗಳ ಮೇಲೆ ಮತ್ತೆ ಬೋರ್ಡಿನ ಮುಂದೆ ತನ್ನಿ.

“ನಾನೇ ಕೊನೆಕೊನೆಗೆ ಬೀಪಿ ಬಂದು ಪಿ-2 ಆಗಿದ್ದೆ,” ಎಂದರು ಮಾವ. ಒಬ್ಬ ಡ್ರೈವರ್‌ನ ಎರಡು ಬೆರಳು ಹೋದಾಗ ಅವನ ‘ಎ’ ಕೆಳಗಿಳಿಯಿತು, ಸ್ಟೋರಿಗೆ ಹಾಕಿದರು, ಅಲ್ಲೇ ಪೆನ್ಷನ್‌ವರೆಗೂ ನಡೆಯಿತು. ಇನ್ನೊಬ್ಬನ ಮನಸ್ಸು ಕೆಟ್ಟಿತು, ‘ಎಸ್’ ಇಳಿಸಿ ಬಂದೂಕು ಕೊಡದೆ ಇಟ್ಟುಕೊಂಡರು, ಆರು ತಿಂಗಳ ಮೇಲೆ ಬೋರ್ಡು ಕೂತು ಮತ್ತೆ ಏರಿಸಿತು. ಇದನ್ನು ಹೇಳುವಾಗ ಅವರ ದನಿಯಲ್ಲಿ ಹೆಮ್ಮೆಯಿತ್ತು. ಒಬ್ಬ ಮನುಷ್ಯನಿಗೆ ಏನಾದರೂ ಆಯಿತೆಂದರೆ ಪಲ್ಟನ್ ಅವನನ್ನು ಬಿಸಾಡುವುದಿಲ್ಲ, ಅವನಿಂದ ಏನಾಗುತ್ತದೆ ಎಂದು ಹುಡುಕುತ್ತದೆ ಎಂಬ ಹೆಮ್ಮೆ ಅದು.

ಆಗ ನಾನು ಆ ನಾವಿಕರ ವಿಷಯ ತೆಗೆದೆ. “ಹಾಗಾದರೆ ಅವರದು ಈ ಐದರಲ್ಲಿ ಯಾವ ಅಕ್ಷರಕ್ಕೆ ಬೀಳುತ್ತೆ ಮಾವ?” ಎಂದು ಕೇಳಿದೆ. ಮಾವ ಪತ್ರಿಕೆಯ ಅಂಚನ್ನೇ ಸ್ವಲ್ಪ ಹೊತ್ತು ನೋಡಿದರು. “ಬೋರ್ಡು ಕೂತರೆ ಎಲ್ಲಾದರೂ ಒಂದು ಕಡೆ ಹಾಕುತ್ತಾರೆ ಬಿಡು. ಆಪರೇಷನ್ ಆದ ಮೇಲೆ ಒಂದಿಷ್ಟು ತಿಂಗಳು ಕೆಳಗೆ, ಆಮೇಲೆ ಮೇಲೆ. ಮಾತ್ರೆ ದಿನಾ ನುಂಗಬೇಕು ಅಂದರೆ ಥೈರಾಯ್ಡ್‌ನವರೂ ನುಂಗುತ್ತಾರಲ್ಲ. ಅದಲ್ಲ ಕಷ್ಟ. ಬ್ಯಾರಕ್ಕಿನಲ್ಲಿ ಎಲ್ಲಿ ಮಲಗಿಸೋದು, ಅದು ಹೇಳು.”

ಗಮನಿಸಬೇಕಾದದ್ದು ಇಲ್ಲಿದೆ. ದೇಹದ ಪ್ರಶ್ನೆಯನ್ನು ಅವರು ಒಂದೇ ಉಸಿರಿನಲ್ಲಿ ಬಗೆಹರಿಸಿಬಿಟ್ಟರು, ಏಕೆಂದರೆ ಅದನ್ನು ಬಗೆಹರಿಸುವ ವಿಧಾನ ಅವರಿಗೆ ಗೊತ್ತಿತ್ತು. ಉಳಿದದ್ದು ಹಾಸಿಗೆಯ ಪ್ರಶ್ನೆ. ಸಾರ್ವಜನಿಕ ಚರ್ಚೆಯಲ್ಲಿ ಮಾತ್ರ ಇದು ತಲೆಕೆಳಗಾಗುತ್ತದೆ. ಹಾಸಿಗೆಯ ಮುಜುಗರವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದರ ಬದಲಿಗೆ ಹಾರ್ಮೋನು, ಮಾನಸಿಕ ಆರೋಗ್ಯ, ಖರ್ಚು ಎಂಬ ಘನವಾದ ಕಾರಣಗಳನ್ನು ಮುಂದಿಡುತ್ತಾರೆ.

ಗಂಡಿನ ಪಟ್ಟಿಯಲ್ಲಿ ಹೆಣ್ಣಿನ ದೇಹ

ಅಳತೆಗೋಲನ್ನು ಬಳಸಿಯೂ ತಪ್ಪಾಗಿ ಅಳೆಯಬಹುದು ಎಂಬುದಕ್ಕೆ ದಕ್ಷಿಣ ಕೊರಿಯಾದ ಬ್ಯುನ್ ಹೀ-ಸೂ ಅವರ ಪ್ರಕರಣಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಕ್ಕಿಲ್ಲ. ಅವರು ಸ್ಟಾಫ್ ಸಾರ್ಜೆಂಟ್, ಟ್ಯಾಂಕ್ ಚಾಲಕಿ. 2019ರಲ್ಲಿ, ತಮ್ಮ ಘಟಕದ ಮೇಲಧಿಕಾರಿಗಳ ಅನುಮತಿ ಪಡೆದೇ ಥಾಯ್ಲೆಂಡ್‌ಗೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದರು. ಮರಳಿದ ಮೇಲೆ ಸೇನೆಯ ವೈದ್ಯರು ಪರೀಕ್ಷಿಸಿ, ಗಂಡಿನ ಜನನಾಂಗವಿಲ್ಲದಿರುವುದನ್ನು ಮೂರನೆಯ ದರ್ಜೆಯ ಅಂಗವೈಕಲ್ಯ ಎಂದು ಬರೆದರು. ಆ ಅಂಗವೈಕಲ್ಯದ ಆಧಾರದ ಮೇಲೆ 2020ರ ಜನವರಿಯಲ್ಲಿ ಸೇವೆಯಿಂದ ತೆಗೆದರು. ಟ್ಯಾಂಕ್ ಓಡಿಸಲು ಯಾವ ಅಂಗ ಬೇಕು ಎಂಬ ಪ್ರಶ್ನೆಯನ್ನು ಅಲ್ಲಿ ಯಾರಾದರೂ ಗಂಭೀರವಾಗಿ ಕೇಳಿದ್ದರೆ ಆ ಕಾಗದ ಹಾಗೆ ಇರುತ್ತಿರಲಿಲ್ಲ.

ಆದೇಶ ಬಂದ ದಿನವೇ ಅವರು ಪತ್ರಕರ್ತರ ಮುಂದೆ ಬಂದರು. ಆ ದೃಶ್ಯಾವಳಿಯನ್ನು ನಾನು ನೋಡಿದ್ದೇನೆ. ಸಮವಸ್ತ್ರ, ಟೋಪಿ, ಮುಂದೆ ಮೈಕುಗಳ ಸಾಲು. ಮಾತನಾಡುತ್ತ ಅವರಿಗೆ ಅಳು ಬರುತ್ತದೆ. ಅಳುತ್ತಲೇ, ಲಿಂಗ ಗುರುತು ಏನೇ ಇರಲಿ ಈ ದೇಶವನ್ನು ಕಾಯುವ ಒಳ್ಳೆಯ ಸೈನಿಕರಲ್ಲಿ ತಾನೂ ಒಬ್ಬಳಾಗಬಲ್ಲೆ ಎಂದು ತೋರಿಸಬೇಕು, ಆ ಅವಕಾಶ ಕೊಡಿ ಎನ್ನುತ್ತಾರೆ. ಬಳಿಕ ಕೈ ಎತ್ತಿ ಸೆಲ್ಯೂಟ್ ಮಾಡುತ್ತಾರೆ. ಕೊರಿಯನ್ ಭಾಷೆ ಬಾರದ ನನಗೂ ಆ ಸೆಲ್ಯೂಟ್ ಪೂರ್ತಿ ಅರ್ಥವಾಯಿತು: ತನ್ನನ್ನು ಅದೇ ದಿನ ಹೊರಗೆ ಹಾಕಿದ ಸಂಸ್ಥೆಗೆ ಅವರು ಅದರದೇ ಶಿಸ್ತಿನಲ್ಲಿ ವಂದಿಸುತ್ತಿದ್ದರು. ಅಂದು ಬೇರೆ ಯಾವ ಯೋಗ್ಯತಾಪತ್ರ ಬೇಕಿತ್ತೋ ನಾನರಿಯೆ.

ಫೆಬ್ರವರಿಯಲ್ಲಿ ನ್ಯಾಯಾಲಯ ಅವರನ್ನು ಕಾನೂನಿನ ಪ್ರಕಾರ ಹೆಣ್ಣೆಂದು ಮಾನ್ಯ ಮಾಡಿತು. ಸೇನೆ ತನ್ನ ನಿರ್ಧಾರ ಬದಲಿಸಲಿಲ್ಲ. 2021ರ ಮಾರ್ಚ್ 3ರಂದು ಅವರು ಮನೆಯಲ್ಲಿ ಶವವಾಗಿ ಪತ್ತೆಯಾದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ದೇಜಾನ್ ಜಿಲ್ಲಾ ನ್ಯಾಯಾಲಯ, ಶಸ್ತ್ರಚಿಕಿತ್ಸೆಯ ನಂತರ ಅವರನ್ನು ಹೆಣ್ಣಿನ ಮಾನದಂಡದಿಂದ ನೋಡಬೇಕಿತ್ತು, ಹಾಗೆ ನೋಡಿದರೆ ಅಂಗವೈಕಲ್ಯ ಎಂಬುದೇ ಇಲ್ಲ, ಆದ್ದರಿಂದ ವಜಾ ಕಾನೂನುಬಾಹಿರ ಎಂದು ತೀರ್ಪು ಕೊಟ್ಟಿತು. 2024ರಲ್ಲಿ ಅವರ ಸಾವನ್ನು ಕರ್ತವ್ಯಕ್ಕೆ ಸಂಬಂಧಿಸಿದ ಸಾವೆಂದು ಒಪ್ಪಿ ರಾಷ್ಟ್ರೀಯ ಸ್ಮಶಾನದಲ್ಲಿ ಜಾಗ ಕೊಟ್ಟರು. ಬದುಕಿದ್ದಾಗ ಟ್ಯಾಂಕಿನಲ್ಲಿ ಕೊಡದ ಜಾಗ ಅದು.

ಪಕ್ಕದವನ ಮಾತು

ಮಾವನ ಬ್ಯಾರಕ್ಕಿಗೆ ಬರೋಣ. ಅದು ಹಗುರವಾಗಿ ತಳ್ಳಿಹಾಕುವ ಮಾತಲ್ಲ. ಸೈನಿಕ ಹೋರಾಡುವುದು ಪಕ್ಕದಲ್ಲಿರುವವನನ್ನು ನಂಬಿ. ಆ ನಂಬಿಕೆ ಒಟ್ಟಿಗೆ ಉಣ್ಣುವುದರಿಂದ, ಒಟ್ಟಿಗೆ ಮಲಗುವುದರಿಂದ, ಒಬ್ಬರ ಗೊರಕೆಯನ್ನು ಇನ್ನೊಬ್ಬರು ಬೈದುಕೊಳ್ಳುವುದರಿಂದ ಹುಟ್ಟುತ್ತದೆ. ಅದಕ್ಕೆ ಧಕ್ಕೆ ತರುವ ಯಾವುದನ್ನಾದರೂ ಕಮಾಂಡರ್ ಅನುಮಾನದಿಂದ ನೋಡಿದರೆ ಅದು ಅವನ ಕೆಲಸ.

ಆದರೆ ಈ ವಾದದ ಚರಿತ್ರೆಯನ್ನು ನೋಡಿದಾಗ ನನಗೆ ಹಿಂಜರಿಕೆ ಉಂಟಾಗುತ್ತದೆ. ನಮ್ಮಲ್ಲೇ, 1890ರ ದಶಕದಲ್ಲಿ, ಕೆಲವು ಜಾತಿಗಳಷ್ಟೇ ಯುದ್ಧಕ್ಕೆ ಲಾಯಕ್ಕು ಎನ್ನುವ ‘ಯೋಧ ಜಾತಿ’ಗಳ ಸಿದ್ಧಾಂತವನ್ನು ತಲೆಯಲ್ಲಿಟ್ಟುಕೊಂಡ ಬ್ರಿಟಿಷರು ಬಾಂಬೆ ಸೇನೆಗೆ ಅಸ್ಪೃಶ್ಯರೆನಿಸಿದ್ದ ಮಹಾರರ ಭರ್ತಿಯನ್ನು ನಿಲ್ಲಿಸಿದರು. ಮೇಲ್ಜಾತಿಯ ಸಿಪಾಯಿಗಳು ಅವರೊಂದಿಗೆ ಬೆರೆಯುವುದಿಲ್ಲ, ಅವರ ಅಧಿಕಾರಕ್ಕೆ ತಲೆಬಾಗುವುದಿಲ್ಲ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ತಲೆಮಾರುಗಳಿಂದ ಆ ಸೇನೆಯಲ್ಲಿ ದುಡಿದು ಸುಬೇದಾರರಾಗಿದ್ದವರ ಮಕ್ಕಳಿಗೆ ಬಾಗಿಲು ಮುಚ್ಚಿತು. ಅಂಬೇಡ್ಕರರ ತಂದೆಯೂ ಅಂಥ ಒಬ್ಬ ಸುಬೇದಾರರು. ಎರಡನೆಯ ಮಹಾಯುದ್ಧದಲ್ಲಿ ಜನ ಬೇಕಾದಾಗ, 1941ರಲ್ಲಿ, ಬೆಳಗಾವಿಯಲ್ಲಿ ಮಹಾರ್ ರೆಜಿಮೆಂಟ್ ಕಟ್ಟಿದರು. ಆ ರೆಜಿಮೆಂಟ್ ಇಂದಿಗೂ ಇದೆ, ಮತ್ತು ಈಗ ಅದರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಬೆರೆಯುವುದಿಲ್ಲ ಎಂದಿದ್ದವರು ಬೆರೆತರು.

2020ರ ಫೆಬ್ರವರಿಯಲ್ಲಿ ಮಹಿಳಾ ಅಧಿಕಾರಿಗಳ ಪರ್ಮನೆಂಟ್ ಕಮಿಷನ್ (ನಿವೃತ್ತಿಯವರೆಗಿನ ಕಾಯಂ ಸೇವೆ) ಪ್ರಕರಣ ತೀರ್ಮಾನವಾಗುವ ಮುನ್ನ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಹೇಳಿದ್ದೂ ಇದನ್ನೇ: ಜವಾನರು ಹೆಚ್ಚಾಗಿ ಹಳ್ಳಿಗಾಡಿನ ಗಂಡಸರು, ಹೆಣ್ಣಿನ ಕಮಾಂಡ್ ಒಪ್ಪಿಕೊಳ್ಳಲು ಅವರ ಮನಸ್ಸು ಇನ್ನೂ ಸಜ್ಜಾಗಿಲ್ಲ. ನ್ಯಾಯಾಲಯ ಒಪ್ಪಲಿಲ್ಲ. ಇಂದು ಮಹಿಳಾ ಕರ್ನಲ್‌ಗಳು ಘಟಕಗಳನ್ನು ನಡೆಸುತ್ತಿದ್ದಾರೆ. ಹಳ್ಳಿಯ ಹುಡುಗರು ಸೆಲ್ಯೂಟ್ ಹೊಡೆಯುತ್ತಿದ್ದಾರೆ. ಅಂದಹಾಗೆ, ಸೇನೆ ಶಿಸ್ತಿಗೆ ಹೆಸರಾದ ಸಂಸ್ಥೆ ಎಂದು ಹೇಳುವವರೇ, ಅದರ ಸೈನಿಕರಿಗೆ ಒಂದು ಆದೇಶವನ್ನು ಪಾಲಿಸಲು ಮನಸ್ಸು ಬಾರದು ಎಂದು ವಾದಿಸುವುದು ನನಗೆ ಎಂದೂ ಅರ್ಥವಾಗಿಲ್ಲ.

ಅಮೆರಿಕದಲ್ಲಿ ಈ ವಾದವನ್ನು ಪರೀಕ್ಷೆಗೆ ಒಡ್ಡಿದ್ದೂ ಆಗಿದೆ. 2016ರ ಜೂನ್‌ನಲ್ಲಿ ರಕ್ಷಣಾ ಕಾರ್ಯದರ್ಶಿ ಆಶ್ ಕಾರ್ಟರ್ ನಿಷೇಧ ತೆಗೆದರು. ಸೇವೆಯಲ್ಲಿದ್ದ ಟ್ರಾನ್ಸ್‌ಜೆಂಡರ್ ಸೈನಿಕರು ಬಹಿರಂಗವಾಗಿ ಇರಬಹುದಾಯಿತು. ಹತ್ತಿರಹತ್ತಿರ ಎರಡು ವರ್ಷ ಕಳೆದ ಮೇಲೆ, 2018ರ ಏಪ್ರಿಲ್‌ನಲ್ಲಿ, ಸೇನಾ ಮುಖ್ಯಸ್ಥರಾಗಿದ್ದ ಜನರಲ್ ಮಾರ್ಕ್ ಮಿಲಿ ಅವರನ್ನು ಸೆನೆಟ್ ಸಮಿತಿಯಲ್ಲಿ ಇದರಿಂದ ಒಗ್ಗಟ್ಟಿಗೆ, ಶಿಸ್ತಿಗೆ ತೊಂದರೆಯಾದ ವರದಿಗಳೇನಾದರೂ ಬಂದಿವೆಯೇ ಎಂದು ಕೇಳಿದಾಗ, ಒಂದೂ ಬಂದಿಲ್ಲ ಎಂದರು. ಖರ್ಚಿನ ಮಾತಿಗೆ ಬಂದರೆ, ರ್‍ಯಾಂಡ್ ಎಂಬ ಸಂಶೋಧನಾ ಸಂಸ್ಥೆಯ 2016ರ ಅಧ್ಯಯನದ ಅಂದಾಜಿನಲ್ಲಿ ಚಿಕಿತ್ಸೆಯ ವೆಚ್ಚ ವರ್ಷಕ್ಕೆ 24 ಲಕ್ಷದಿಂದ 84 ಲಕ್ಷ ಡಾಲರ್, ಅಂದರೆ ಸಕ್ರಿಯ ಸೈನಿಕರ ಒಟ್ಟು ಆರೋಗ್ಯ ವೆಚ್ಚದಲ್ಲಿ ಹೆಚ್ಚೆಂದರೆ ಶೇ 0.13. ಇದನ್ನು ಹೊರೆ ಎನ್ನುವವರೊಂದಿಗೆ ವಾದಿಸುವುದರಲ್ಲಿ ಅರ್ಥವಿಲ್ಲ.

ಇನ್ನೂ ಹಳೆಯ ಕಥೆಯೊಂದಿದೆ. ಆಲ್ಬರ್ಟ್ ಕ್ಯಾಷಿಯರ್ ಎಂಬ ಸೈನಿಕ ಅಮೆರಿಕದ ಅಂತರ್ಯುದ್ಧದಲ್ಲಿ 1862ರಿಂದ ಇಲಿನಾಯ್ ಪದಾತಿದಳದಲ್ಲಿ ಹೋರಾಡಿ, ಬಳಿಕವೂ ದಶಕಗಳ ಕಾಲ ಗಂಡಾಗಿಯೇ ಬದುಕಿದವರು. ಮುಪ್ಪಿನಲ್ಲಿ, 1911ರಲ್ಲಿ, ಅಪಘಾತದಲ್ಲಿ ಕಾಲು ಮುರಿದಾಗ ಅವರು ಹೆಣ್ಣಾಗಿ ಹುಟ್ಟಿದವರೆಂಬುದು ವೈದ್ಯರಿಗೆ ತಿಳಿಯಿತು. ಸುದ್ದಿ ಹರಡಿ ಪಿಂಚಣಿ ಇಲಾಖೆ ವಿಚಾರಣೆಗೆ ಇಳಿದಾಗ ಹಳೆಯ ಜೊತೆಗಾರರು ಬಂದು, ಇವನೇ ನಮ್ಮೊಂದಿಗೆ ಹೋರಾಡಿದವನು ಎಂದು ಸಾಕ್ಷಿ ಹೇಳಿದರು. ಪಿಂಚಣಿ ನಿಲ್ಲಲಿಲ್ಲ. 1915ರಲ್ಲಿ ಸತ್ತಾಗ ಸಮವಸ್ತ್ರದಲ್ಲೇ ಮಣ್ಣು ಮಾಡಿದರು. ಒಗ್ಗಟ್ಟು ಎಂದರೆ ಏನೆಂದು ಆ ಮುದುಕರಿಗೆ ಗೊತ್ತಿತ್ತು ಎಂದೇ ನನ್ನ ಎಣಿಕೆ.

ಅಳತೆ ಬಿಟ್ಟು ನಡತೆಗೆ

ಇಷ್ಟೆಲ್ಲ ಆದ ಮೇಲೂ ಅಮೆರಿಕ ಹಿಂದೆ ಹೋಯಿತು, ಮುಂದೆ ಬಂತು, ಮತ್ತೆ ಹಿಂದೆ ಹೋಯಿತು. 2017ರ ಜುಲೈ 26ರಂದು ಟ್ರಂಪ್ ಟ್ವೀಟ್ ಮೂಲಕ ನಿಷೇಧ ಘೋಷಿಸಿದರು. (1948ರಲ್ಲಿ ಸೇನೆಯೊಳಗಿನ ವರ್ಣಭೇದವನ್ನು ತೊಡೆಯುವ ಆದೇಶಕ್ಕೆ ಟ್ರೂಮನ್ ಸಹಿ ಮಾಡಿದ್ದೂ ಇದೇ ಜುಲೈ 26ರಂದು. ಆಗಲೂ ಒಗ್ಗಟ್ಟು ಕೆಡುತ್ತದೆ ಎಂಬ ಕೂಗು ಇತ್ತು.) 2021ರ ಜನವರಿಯಲ್ಲಿ ಬೈಡನ್ ಟ್ರಂಪ್ ಅವರ ನಿಷೇಧವನ್ನು ತೆಗೆದರು, 2025ರ ಜನವರಿ 27ರಂದು ಟ್ರಂಪ್ ಅವರಿಂದ ನಿಷೇಧದ ಹೊಸ ಆದೇಶ ಬಂತು, ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದರ ಜಾರಿಗೆ ಅವಕಾಶ ಕೊಟ್ಟಿತು. ಅದನ್ನು ಪ್ರಶ್ನಿಸಿದವರ ಮುಂಚೂಣಿಯಲ್ಲಿದ್ದವರು ಟ್ರಾನ್ಸ್ ಮಹಿಳೆ, ನೌಕಾಪಡೆಯ ಕಮಾಂಡರ್ ಎಮಿಲಿ ಶಿಲ್ಲಿಂಗ್. ಅರವತ್ತಕ್ಕೂ ಹೆಚ್ಚು ಯುದ್ಧ ಹಾರಾಟ ನಡೆಸಿದ ಪೈಲಟ್.

2025ರ ಆದೇಶದಲ್ಲಿ ನನಗೆ ಆತಂಕ ತಂದದ್ದು ನಿಷೇಧಕ್ಕಿಂತ ಅದರ ಕಾರಣ. ಹುಟ್ಟಿನ ಲಿಂಗಕ್ಕೆ ಹೊಂದದ ಗುರುತನ್ನು ತಳೆಯುವುದು ಸೈನಿಕನ ಗೌರವಯುತ, ಸತ್ಯಸಂಧ, ಶಿಸ್ತಿನ ಜೀವನಕ್ಕೆ ವಿರುದ್ಧ ಎಂದು ಅದು ಹೇಳುತ್ತದೆ. ಅಂದರೆ ವಿಷಯ ದೇಹವನ್ನೂ ಬ್ಯಾರಕ್ಕನ್ನೂ ದಾಟಿ ನಡತೆಗೆ ಬಂದು ನಿಂತಿದೆ. ದೇಹಕ್ಕೆ ಮಂಡಿ, ಕಣ್ಣು, ಓಟದ ಪರೀಕ್ಷೆಗಳಿವೆ. ಒಗ್ಗಟ್ಟಿಗೆ ಕಮಾಂಡರ್‌ನ ವರದಿ ಇದೆ. ಆದರೆ ನಿನ್ನ ಇರವೇ ಸುಳ್ಳು ಎಂದು ಮೊದಲೇ ತೀರ್ಮಾನಿಸಿದವರ ಮುಂದೆ ಅರವತ್ತು ಹಾರಾಟವೂ ಸಾಕ್ಷಿಯಾಗುವುದಿಲ್ಲ. ಮೊದಲೆರಡು ಆಕ್ಷೇಪಗಳೊಂದಿಗೆ ನಾನು ಕೂತು ವಾದಿಸಬಲ್ಲೆ. ಮೂರನೆಯದರೊಂದಿಗೆ ವಾದಿಸಲು ಏನೂ ಇಲ್ಲ.

ನಮ್ಮಲ್ಲಿ ಅಂಥ ಆದೇಶವಿಲ್ಲ. ನಮ್ಮಲ್ಲಿರುವುದು ಮೌನ. 2014ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೃತೀಯ ಲಿಂಗವನ್ನು ಮಾನ್ಯ ಮಾಡಿತು. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಯ 2019ರ ಕಾಯ್ದೆ ಉದ್ಯೋಗದಲ್ಲಿ ತಾರತಮ್ಯ ಸಲ್ಲದು ಎಂದಿತು. ಇನ್ನೊಂದು ಕಡೆ ಸಂವಿಧಾನದ 33ನೇ ವಿಧಿ ಸಶಸ್ತ್ರ ಪಡೆಗಳವರ ಮೂಲಭೂತ ಹಕ್ಕುಗಳನ್ನು ಎಷ್ಟರಮಟ್ಟಿಗೆ ಮಿತಿಗೊಳಿಸಬಹುದೆಂಬುದನ್ನು ಸಂಸತ್ತಿಗೆ ಬಿಟ್ಟಿದೆ. ಈ ನಡುವೆ ಪೊಲೀಸ್ ಇಲಾಖೆಗಳು ಮುಂದೆ ಹೋದವು. ತಮಿಳುನಾಡಿನಲ್ಲಿ ಟ್ರಾನ್ಸ್ ಮಹಿಳೆ ಪೃಥಿಕಾ ಯಾಶಿನಿ ಮದ್ರಾಸ್ ಹೈಕೋರ್ಟಿನ ಮೂಲಕ ಹಾದು 2017ರಲ್ಲಿ ಸಬ್ ಇನ್‌ಸ್ಪೆಕ್ಟರ್ ಆದರು. 2021ರಲ್ಲಿ ಛತ್ತೀಸ್‌ಗಢ 13 ಮಂದಿ ಲಿಂಗತ್ವ ಅಲ್ಪಸಂಖ್ಯಾತರನ್ನು ಕಾನ್‌ಸ್ಟೆಬಲ್‌ಗಳಾಗಿ ಆಯ್ಕೆ ಮಾಡಿತು. ಅದೇ ವರ್ಷ ಕರ್ನಾಟಕ ಸರ್ಕಾರಿ ನೇಮಕಾತಿಯಲ್ಲಿ ಅವರಿಗೆ ಶೇ 1 ಮೀಸಲಾತಿ ತಂದಿತು.

ಎಲ್ಲಿಂದ ಶುರು

ನನ್ನ ನಿಲುವನ್ನು ಮರೆಮಾಚುವುದಿಲ್ಲ: ಸೇವೆಯಲ್ಲಿರುವವರನ್ನು ಲಿಂಗ ಪರಿವರ್ತನೆಯ ಒಂದೇ ಕಾರಣಕ್ಕೆ ತೆಗೆಯುವುದು ತಪ್ಪು. ಅವರಿಗೆ ತರಬೇತಿ ಕೊಟ್ಟಾಗಿದೆ, ಅವರ ಕೆಲಸ ನೋಡಿಯಾಗಿದೆ, ಬೀಪಿಯ ಸುಬೇದಾರನಿಗೂ ಬೆರಳಿಲ್ಲದ ಡ್ರೈವರ್‌ಗೂ ಕೂರುವ ಬೋರ್ಡು ಅವರಿಗೂ ಕೂರಲಿ. ಹೊಸಬರ ಭರ್ತಿ ಇದಕ್ಕಿಂತ ಕಠಿಣ ಎಂಬುದನ್ನು ಒಪ್ಪುತ್ತೇನೆ. ಭರ್ತಿಯ ತಪಾಸಣೆ ಯಾರಿಗೂ ರಿಯಾಯಿತಿ ಕೊಡುವುದಿಲ್ಲ; ಚಿಕಿತ್ಸೆಯ ನಡುವಿನಲ್ಲಿರುವವರನ್ನು, ಯಾವ ಚಿಕಿತ್ಸೆಯೇ ಆಗಿರಲಿ, ಅದು ಕಾಯಲು ಹೇಳುತ್ತದೆ. ಕಾರ್ಟರ್ ಅವರ ನಿಯಮ ಸೇರುವ ಮುನ್ನ 18 ತಿಂಗಳ ಸ್ಥಿರತೆಯನ್ನು ಕೇಳಿತ್ತು. ಅವಧಿಯ ಬಗ್ಗೆ ಸೇನಾ ವೈದ್ಯರು ಚರ್ಚಿಸಲಿ, ಆದರೆ ನಿಯಮದ ಸ್ವರೂಪ ಹಾಗಿರಬೇಕು: ಇಂತಿಷ್ಟು ಕಾಲ, ಇಂಥ ಓಟ, ಇಂಥ ದೃಷ್ಟಿ, ಇಂಥ ಹುದ್ದೆ.

ಬಗೆಹರಿಯದ ಪ್ರಶ್ನೆಗಳೂ ಇವೆ. ಭೂಸೇನೆಯ ಪದಾತಿದಳ ನಮ್ಮಲ್ಲಿ ಇನ್ನೂ ಹೆಣ್ಣುಮಕ್ಕಳಿಗೆ ತೆರೆದಿಲ್ಲ. ಹಾಗಿರುವಾಗ ಪದಾತಿದಳದ ಜವಾನನೊಬ್ಬ ಹೆಣ್ಣೆಂದು ಪ್ರಮಾಣಪತ್ರ ಪಡೆದರೆ ಅವಳನ್ನು ಬೇರೆ ಕೋರ್‌ಗೆ ಕಳಿಸಬೇಕಾಗುತ್ತದೆ, ಅದು ಅವಳಿಗೆ ಒಪ್ಪಿಗೆಯಾಗದಿರಬಹುದು. ಗಂಡೂ ಅಲ್ಲದ ಹೆಣ್ಣೂ ಅಲ್ಲದ ಗುರುತಿನವರನ್ನು ಯಾವ ಓಟದ ಕಾಲಮಿತಿಯಿಂದ ಅಳೆಯಬೇಕು ಎಂಬುದಕ್ಕೆ ಪೊಲೀಸ್ ನೇಮಕಾತಿಯ ಅನುಭವ ಮಾತ್ರ ಸದ್ಯಕ್ಕೆ ನಮ್ಮ ಮುಂದಿದೆ.

ಮಾವನ ಬ್ಯಾರಕ್ಕಿನ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಅವರಿಗೆ ಪೂರ್ತಿ ಹಿಡಿಸಲಿಲ್ಲ. ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದ 2021ರಲ್ಲಿ ಮೊದಲ ಬಾರಿಗೆ 83 ಮಹಿಳಾ ಸೈನಿಕರು ಹೊರಬಂದರಲ್ಲ, ಅವರಿಗೂ ಮಲಗಲು ಜಾಗ ಮಾಡಿಕೊಟ್ಟೇ ಕೊಟ್ಟರು ಎಂದೆ. ಅದು ತಂಡ, ಇದು ಒಬ್ಬರು ಇಬ್ಬರು, ಅವರಿಗೆಂದು ಪ್ರತಿ ಯೂನಿಟ್‌ನಲ್ಲಿ ಯಾರು ಕೋಣೆ ಕಟ್ಟಿಸುತ್ತಾರೆ ಎಂದು ಮಾವ ತಿರುಗಿ ಕೇಳಿದರು. ಬೇಕಿದ್ದರೆ ಮೊದಲು ದೊಡ್ಡ ಮಿಲಿಟರಿ ಆಸ್ಪತ್ರೆಗಳಲ್ಲಿ, ವರ್ಕ್‌ಶಾಪ್‌ಗಳಲ್ಲಿ, ಕ್ವಾರ್ಟರ್ಸ್ ಇರುವ ಕಡೆ ಹಾಕಲಿ, ಫೀಲ್ಡ್ ಏರಿಯಾ ಆಮೇಲೆ ನೋಡೋಣ ಎಂಬುದು ಅವರ ಮಾತು. ಅಷ್ಟಕ್ಕೇ ನಿಲ್ಲಿಸಿದರೆ ಅದು ಮತ್ತೊಂದು ಮೂಲೆಗುಂಪಾಗುತ್ತದೆ ಎಂಬುದು ನನ್ನ ಮಾತು. ಈ ವಿಷಯದಲ್ಲಿ ನಮ್ಮಿಬ್ಬರ ಜಗಳ ಇನ್ನೂ ಮುಗಿದಿಲ್ಲ.